ರುಮಾಲಿನ ಮೇಲೆ ಕೂಡುವ ಹೆಲ್ಮೆಟ್ಟು

ಮೂಡಲಗಿಯ ಬಸ್ ನಿಲ್ದಾಣದಿಂದ ಪೇಟೆಯ ಕಡೆ ನಡೆದರೆ ಎಡಗಡೆಗೆ ಹೆಲ್ಮೆಟ್ ಮಾರುವ ಒಂದು ಡಬ್ಬಿ ಅಂಗಡಿ ಇದೆ. ಒಳಗೆ ಅಂಗಡಿಯವನೊಬ್ಬನಿಗೆ ಮಾತ್ರ ಜಾಗ. ಗಿರಾಕಿಗಳು ರಸ್ತೆಯ ಮೇಲೆಯೇ ನಿಲ್ಲಬೇಕು. ನಾನು ಆ ಅಂಗಡಿಯ ಹಲಗೆಗೆ ಬೆನ್ನು ಹಚ್ಚಿ, ರಸ್ತೆಗೆ ಮುಖ ಮಾಡಿ ನಿಂತಿದ್ದೆ. ಕೈಯಲ್ಲಿ ಒಂದು ಕರಿಯ ಹೆಲ್ಮೆಟ್ಟಿತ್ತು. ನನ್ನ ಎಡಕ್ಕೆ, ಒಂದು ತೋಳು ಚಾಚಿದಷ್ಟು ದೂರದಲ್ಲಿ, ಸಿದ್ದಪ್ಪ ಕಾಕಾ. ನಮ್ಮಿಬ್ಬರಿಗೂ ಎದುರಾಗಿ ಅವನ ಹೆಂಡತಿ, ನನ್ನ ಚಿಗವ್ವ. ಕಬ್ಬಿನ ಹಂಗಾಮು ಮುಗಿಯುತ್ತ ಬಂದಿದ್ದ ಒಂದು ಗುರುವಾರದ ಬೆಳಿಗ್ಗೆ. ಅಂಗಡಿಯ ನೆರಳು ಇನ್ನೂ ನಮ್ಮ ಕಾಲ ಮೇಲೆ ಇತ್ತು.

ಭೂಮಿ ಅಳೆಯುವ ಇಲಾಖೆಯಲ್ಲಿ ನನ್ನ ನೌಕರಿ. ಎಲ್ಲಿ ನಿಂತಿದ್ದೆ ಎಂದು ಮೊದಲು ಹೇಳದೆ ಏನು ಕಂಡೆ ಎಂದು ಹೇಳಲು ನನಗೆ ಬರುವುದಿಲ್ಲ. ಕಂಡದ್ದಾದರೂ ದೊಡ್ಡದೇನಲ್ಲ. ಯಾರೂ ಸಾಯಲಿಲ್ಲ, ಯಾರೂ ಯಾರನ್ನೂ ಹೊಡೆಯಲಿಲ್ಲ. ಒಬ್ಬ ಮುದುಕ ನಡುಪೇಟೆಯಲ್ಲಿ ತಲೆಗೆ ಸುತ್ತಿದ ತನ್ನ ರುಮಾಲು ಬಿಚ್ಚಿದ, ಅಷ್ಟೇ. ಆದರೆ ಇವತ್ತಿಗೂ ಆ ಅಂಗಡಿಯ ಮುಂದೆ ಹಾಯುವಾಗ ಗಾಡಿಯ ವೇಗ ತಾನಾಗಿ ಇಳಿಯುತ್ತದೆ.

ಇದೆಲ್ಲ ಈಗ ನೆನಪಾದದ್ದು ನಮ್ಮ ಕಚೇರಿಗೆ ಹೊಸದಾಗಿ ಬಂದ ಹುಡುಗನಿಂದ. ಅವನು ಮೊನ್ನೆ ಚಹಾ ಕುಡಿಯುತ್ತ ಕೇಳಿದ: "ಸರ್, ಹೆಲ್ಮೆಟ್ ತಗೋಬೇಕ್ರಿ. ತಲಿಗೆ ಆರಾಮ ಇರಬೇಕು, ಒಳಗ ಗಾಳಿ ಸಪ್ಪಳ ಬರಬಾರ್ದು, ರೊಕ್ಕಾನೂ ಭಾಳ ಹೋಗಬಾರ್ದು. ಎಂಥಾದ ತಗೊಳ್ಳಿರಿ?"

ನೇರ ಉತ್ತರಕ್ಕೆ ನಾಲ್ಕು ಮಾತು ಸಾಕು. ಗಲ್ಲವನ್ನು ಸ್ವಲ್ಪ ಒತ್ತುವಷ್ಟು ಬಿಗಿ ಇರಲಿ. ತಲೆ ಅಲ್ಲಾಡಿಸಿದರೆ ಅದೂ ತಲೆಯ ಜೊತೆಗೇ ಅಲ್ಲಾಡಲಿ. ಮುಂದಿನ ಗಾಜು ಮುಚ್ಚಿದಾಗ ಸುತ್ತಲಿನ ರಬ್ಬರಿಗೆ ಸರಿಯಾಗಿ ಕೂಡಲಿ, ಕುತ್ತಿಗೆಯ ಹತ್ತಿರ ಸಂದು ಕಡಿಮೆ ಇರಲಿ. ಗಾಳಿ ಅಲ್ಲಿಂದಲೇ ನುಗ್ಗುವುದು. ಐಎಸ್ಐ ಗುರುತು ನೋಡು. ಬಣ್ಣಕ್ಕೂ ಚಿತ್ರಕ್ಕೂ ರೊಕ್ಕ ಕೊಡಬೇಡ. ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ನಾನು ಮಾತ್ರ ಸಿದ್ದಪ್ಪ ಕಾಕಾನಿಂದ ಶುರು ಮಾಡಿದೆ. ಚಹಾ ಮುಗಿಯಿತು, ಕಪ್ಪು ತೊಳೆದಿಟ್ಟದ್ದೂ ಆಯಿತು, ನನ್ನ ಕಥೆ ಇನ್ನೂ ನಮ್ಮೂರು ಕುಲಗೋಡವನ್ನು ದಾಟಿರಲಿಲ್ಲ. ಆ ಹುಡುಗ ಪಾಪ ಸಭ್ಯ. ಹೂಂಗುಟ್ಟುತ್ತ ಮೊಬೈಲಿನಲ್ಲೇ ಒಂದನ್ನು ತರಿಸಿಕೊಂಡ. ಅವನಿಗೆ ಹೇಳಲಾರದೆ ಉಳಿದದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನನ್ನ ಮೊದಲನೆಯ ಹೆಲ್ಮೆಟ್ಟು ಹಾಡುತ್ತಿತ್ತು. ಖಾಲಿ ಬಾಟಲಿಯ ಬಾಯಿಗೆ ತುಟಿ ಹಚ್ಚಿ ಊದಿದರೆ ಬರುತ್ತದಲ್ಲ, ಅಂಥ ಒಂದೇ ಸ್ವರ. ನನ್ನ ಮನೆಯಿರುವ ಗೋಕಾಕದಿಂದ ಹುಕ್ಕೇರಿಗೆ ಹೋಗಿ ಯಾರದೋ ಹೊಲ ಅಳೆದು ತಿರುಗಿ ಬರುವಷ್ಟರಲ್ಲಿ ಆ ಸ್ವರ ತಲೆಯೊಳಗೆ ಮನೆ ಮಾಡಿಕೊಂಡಿರುತ್ತಿತ್ತು. ಮನೆಗೆ ಬಂದು ಹೆಲ್ಮೆಟ್ಟು ಗೂಟಕ್ಕೆ ಹಾಕಿದರೂ ಕಿವಿಯಲ್ಲಿ ಗಾಳಿ ಬೀಸುತ್ತಲೇ ಇರುತ್ತಿತ್ತು. ಅಂಥ ಹೊತ್ತಿನಲ್ಲಿ ಹೆಂಡತಿ ಕೇಳಿದ್ದಕ್ಕೆಲ್ಲ ನಾನು ಹೂಂ ಅನ್ನುತ್ತಿದ್ದೆ. ನಮ್ಮ ಮನೆಯ ಹೊರಗೋಡೆಗೆ ಈಗಿರುವ ಗುಲಾಬಿ ಬಣ್ಣಕ್ಕೆ ನಾನೇ ಒಪ್ಪಿಗೆ ಕೊಟ್ಟಿದ್ದೆನಂತೆ.

ಹೀಗಾಗಿ ಸಪ್ಪಳವಿಲ್ಲದ ಹೆಲ್ಮೆಟ್ಟಿನ ಹುಚ್ಚು ಹಿಡಿಯಿತು. ಗೋಕಾಕದ ಅಂಗಡಿಗಳಲ್ಲಿ ಒಂದೊಂದನ್ನೇ ತಲೆಗೆ ಹಾಕಿ, ಗಾಜು ಮುಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ನಾನು ಹುಡುಕುತ್ತಿದ್ದದ್ದು ಯಾವ ಮೌನವನ್ನು ಎಂದು ನನಗೇ ಗೊತ್ತಿರಲಿಲ್ಲ. ಎಲ್ಲೋ ಒಮ್ಮೆ ಅಂಥದರೊಳಗೆ ಕುಳಿತಿದ್ದೆ ಎಂಬ ಗುರುತು ಮಾತ್ರ ಇತ್ತು. "ಸರ್, ಅದು ಗುಡಿ ಅಲ್ರಿ," ಎಂದು ಒಬ್ಬ ಅಂಗಡಿಯವನು ಬೆನ್ನು ತಟ್ಟಿದ್ದ.

ತಲೆಯ ಮೇಲೆ ಹೊತ್ತದ್ದನ್ನೇ ನೆನೆಯುತ್ತ ಹೋದರೆ ಮನುಷ್ಯನ ಅರ್ಧ ಚರಿತ್ರೆ ಸಿಗುತ್ತದೆ. ನನಗೆ ಮೊದಲು ಬಂದದ್ದು ಕುಂಚಗಿ. ಕೂಸಿನ ತಲೆ, ಕಿವಿ, ಬೆನ್ನು ಎಲ್ಲ ಮುಚ್ಚಿ ಗದ್ದದ ಕೆಳಗೆ ಲಾಡಿ ಕಟ್ಟುವ ಅರಿವೆ. ನನ್ನದು ಕೆಂಪು ಖಣದ್ದು. ಟ್ರಂಕಿನಲ್ಲಿ ಇನ್ನೂ ಇದೆ. ಅದನ್ನು ತೊಟ್ಟಿದ್ದು ನೆನಪಿಲ್ಲ. ಆ ದಿನಗಳಲ್ಲೇ ಅಪ್ಪ ತೀರಿಹೋದದ್ದೂ ನೆನಪಿಲ್ಲ. ಅಪ್ಪನ ತಮ್ಮ ಸಿದ್ದಪ್ಪ ಕಾಕಾ ಮತ್ತು ಮಾಯವ್ವ ಚಿಗವ್ವ ನನ್ನನ್ನು ತಮ್ಮ ಮಗ ಬೀರಪ್ಪನ ಜೊತೆಗೆ ಬೆಳೆಸಿದರು. ಕುಲಗೋಡದ ನಮ್ಮದು ಕುರಿ ಕಾಯುವ ಮನೆತನ. ನಾನು ಸಾಲಿ ಹಿಡಿದೆ, ಬೀರಪ್ಪ ಹಿಂಡು ಹಿಡಿದ.

ಕುಂಚಗಿಯ ನಂತರ ಕೊಪ್ಪಿ. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲೆ ಹಾಕಿಕೊಂಡರೆ ಆಗುವ ಆ ಗೂಡಿಗೆ ನಮ್ಮಲ್ಲಿ ಕೊಪ್ಪಿ ಅನ್ನುತ್ತಾರೆ. ಹಿಂಡು ಹುಕ್ಕೇರಿ ಕಡೆಯ ಗುಡ್ಡಗಳಿಗೆ ಹೋದಾಗ, ಸಾಲಿಗೆ ಸೂಟಿ ಇದ್ದರೆ, ನಾನೂ ಹೋಗುತ್ತಿದ್ದೆ. ಬಯಲಲ್ಲಿ ಮಳೆ ಹಿಡಿದರೆ ಓಡಿಹೋಗಿ ನಿಲ್ಲಲು ಅಲ್ಲಿ ಏನೂ ಇಲ್ಲ. ಕಾಕಾ ನಿಂತಲ್ಲೇ ಕುಕ್ಕರಗಾಲಿನಲ್ಲಿ ಕೂತು, ನನ್ನನ್ನು ಮುಂದೆ ಎಳೆದುಕೊಂಡು, ಕೊಪ್ಪಿಯನ್ನು ಇಬ್ಬರ ಮೇಲೂ ಮುಚ್ಚುತ್ತಿದ್ದ. ಒಳಗೆ ಉಣ್ಣೆಯ ವಾಸನೆ, ತಂಬಾಕಿನ ವಾಸನೆ. ಮಳೆ ಬೇರೆ ಯಾವುದೋ ಊರಲ್ಲಿ ಬೀಳುತ್ತಿರುವಂತೆ ಕೇಳುತ್ತಿತ್ತು. ಕಾಕಾನ ಉಸಿರು ಮಾತ್ರ ಹತ್ತಿರ. ಅವನು ತನ್ನ ಒಂದು ಕಿವಿಯನ್ನು ಕಂಬಳಿಯ ಹೊರಗೇ ಬಿಟ್ಟಿರುತ್ತಿದ್ದ. "ನೀನೂ ಒಳಗ ಬಾ ಕಾಕಾ," ಅಂದರೆ, "ಕುರಿ ಗಂಟಿ ಕೇಳಬೇಕಲ್ಲೋ ಹುಚ್ಚಾ," ಅನ್ನುತ್ತಿದ್ದ.

ಅವನ ರುಮಾಲು ಮೊದಲು ಬಿಳಿಯದಿತ್ತಂತೆ. ನಾನು ಕಂಡಾಗಿನಿಂದ ಅದು ಮಣ್ಣಿನ ಬಣ್ಣದ್ದೇ. ಅದರ ಸುತ್ತುಗಳಲ್ಲಿ ಕುರಿಯ ಗೊರಸಿನ ಮುಳ್ಳು ತೆಗೆಯುವ ಸೂಜಿ, ಕಡ್ಡಿಪೆಟ್ಟಿಗೆ, ಬಸ್ಸಿನ ಚೀಟಿ, ಒಮ್ಮೊಮ್ಮೆ ನನಗೊಂದು ಬೆಲ್ಲದ ಚೂರು ಇರುತ್ತಿತ್ತು. ಬೆಳಿಗ್ಗೆ ಒಳಗಿನ ಖೋಲಿಯಿಂದ ಅದನ್ನು ಸುತ್ತಿಕೊಂಡೇ ಹೊರಗೆ ಬರುತ್ತಿದ್ದ. ರಾತ್ರಿ ಒಳಗೆ ಹೋದ ಮೇಲೆಯೇ ಬಿಚ್ಚುತ್ತಿದ್ದ. ನಮ್ಮ ಮನೆತನದ ಗಂಡಸರು ಹೊರಗೆ ಬರಿದಲೆಯಲ್ಲಿ ನಿಲ್ಲುವುದು ಮನೆಯ ಹಿರಿಯನನ್ನು ಮಣ್ಣಿಗೆ ಒಯ್ಯುವ ದಿನ ಮಾತ್ರ. ಅವನ ಮಡಿಲಲ್ಲೇ ಬೆಳೆದ ನಾನು ಅವನ ತಲೆಯನ್ನು ನೋಡಿರಲಿಲ್ಲ. ಬೀರಪ್ಪನೂ ನೋಡಿರಲಿಲ್ಲ. ಒಳಗೆ ಕೂದಲಿದೆಯೋ ಇಲ್ಲವೋ ಎಂದು ನಾವಿಬ್ಬರೂ ಗೋಲಿ ಪಣಕ್ಕಿಟ್ಟಿದ್ದೆವು. ಆ ಪಣ ತೀರ್ಮಾನವಾಗದೆ ಗೋಲಿಗಳೇ ಕಳೆದುಹೋದವು.

ಮುಪ್ಪಿನಲ್ಲಿ ಕಾಕಾ ಮೊಪೆಡ್ಡು ಕಲಿತ. ಹಿಂಡು ಈಗ ಬೀರಪ್ಪನ ಕೈಯಲ್ಲಿದ್ದರೂ ವಾರಕ್ಕೊಮ್ಮೆಯಾದರೂ ಹೋಗಿ ನೋಡದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಮುಂದಿನ ಚೀಲದಲ್ಲಿ ರೊಟ್ಟಿ, ಹಿಂದೆ ಹಿಂಡಿಯ ಮೂಟೆ. ಬರುವಾಗ ಕೆಲವೊಮ್ಮೆ ಅದೇ ಚೀಲದಿಂದ ಕುಂಟುವ ಮರಿಯೊಂದು ಮುಖ ಹೊರಗೆ ಹಾಕಿಕೊಂಡು ಊರು ನೋಡುತ್ತ ಬರುತ್ತಿತ್ತು.

ಆ ವರ್ಷ ಕಬ್ಬಿನ ಹಂಗಾಮಿನಲ್ಲಿ ಅವನು ಬಿದ್ದ. ಘಟಪ್ರಭಾಕ್ಕೆ ಹೋಗುವ ರಸ್ತೆ. ಟ್ರ್ಯಾಕ್ಟರಿನಿಂದ ಜಾರಿ ಬಿದ್ದ ಕಬ್ಬಿನ ಜಲ್ಲೆಗಳ ಮೇಲೆ ಮೊಪೆಡ್ಡಿನ ಗಾಲಿ ಉರುಳಿತು. ತಲೆ ಹೋಗಿ ರಸ್ತೆ ಬದಿಯ ಕಲ್ಲಿಗೆ ಬಡಿಯಿತು. ಘಟಪ್ರಭಾದ ದವಾಖಾನೆಗೆ ನಾನು ಓಡಿಹೋದಾಗ ಪರದೆ ಎಳೆದಿತ್ತು. ಹೊಲಿಗೆ ಹಾಕುವವರನ್ನು ಬಿಟ್ಟು ಉಳಿದವರನ್ನೆಲ್ಲ ಕಾಕಾ ಹೊರಗೆ ಕಳಿಸಿದ್ದ. ಪರದೆ ಸರಿದಾಗ ಪಟ್ಟಿಯ ಮೇಲೆ ರುಮಾಲು ಮೊದಲಿನಂತೆಯೇ ಕೂತಿತ್ತು. ಒಂದು ಕಡೆ ರಕ್ತ ಒಣಗಿ ಗಟ್ಟಿಯಾಗಿತ್ತು.

"ಈ ಸಲ ಅರಿವಿ ಉಳಿಸೇತಿ. ಮುಂದಿನ ಸಲ ಇದನ್ನ ನಂಬಬ್ಯಾಡ್ರಿ," ಅಂದರು ಡಾಕ್ಟರು.

ಆ ಮಾತಿನಲ್ಲಿ ಕಾಕಾ ಮೊದಲನೆಯ ಭಾಗವನ್ನು ಮಾತ್ರ ಇಟ್ಟುಕೊಂಡ. "ಕೇಳಿದ್ಯಾ? ರುಮಾಲ ಉಳಿಸೇತಂತ," ಎಂದು ಊರೆಲ್ಲ ಹೇಳಿದ. ಚಿಗವ್ವ ಎರಡನೆಯ ಭಾಗವನ್ನು ಇಟ್ಟುಕೊಂಡಳು. ಮೊಪೆಡ್ಡಿನ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೆಲ್ಮೆಟ್ ಬಂದ ದಿನ ಕೀಲಿ ಬರತೈತಿ," ಅಂದಳು.

"ಕುರಿ ಈಯಾಕತ್ತಾವ. ನಾ ಹೋಗಬೇಕ."

"ಕುರಿ ಈದ್ರ ನೋಡಾಕ ಬೀರಪ್ಪ ಅದಾನ. ನಿಮ್ಮ ತಲಿ ಒಡದ್ರ ಹೊಲ್ಯಾಕ ನನಗ ಬರಂಗಿಲ್ಲ."

ಕಾಕಾ ಅಂಗಳದಲ್ಲಿ ಮೊಪೆಡ್ಡಿನ ಪಕ್ಕ ಕೂತ. ಒಂದು ದಿನ ಕೂತ, ಮರುದಿನವೂ ಕೂತ. ಬೀರಪ್ಪ ಫೋನಿನಲ್ಲಿ ಮರಿಗಳ ಸುದ್ದಿ ಹೇಳಿದರೆ, "ಒದರಿಸೋ, ಕೇಳೂಣು," ಅನ್ನುತ್ತಿದ್ದ. ಬೀರಪ್ಪ ಫೋನನ್ನು ಮರಿಯ ಬಾಯಿಯ ಹತ್ತಿರ ಹಿಡಿಯಬೇಕು. ಕಾಕಾ ರುಮಾಲಿನ ಅಂಚನ್ನು ಬೆರಳಿನಿಂದ ಎತ್ತಿ, ಅದರ ಕೆಳಗೆ ಫೋನು ತೂರಿಸಿ ಕೇಳುತ್ತಿದ್ದ. ಅವನು ಸೊರಗುತ್ತಿದ್ದದ್ದು ನಮಗೆಲ್ಲ ಕಾಣುತ್ತಿತ್ತು. ಹಿಂಡು ನೋಡದೆ ಇನ್ನೊಂದು ತಿಂಗಳು ಕೂಡಿಸಿದರೆ ರಸ್ತೆಯ ಕಲ್ಲು ಮಾಡದ್ದನ್ನು ಅಂಗಳವೇ ಮಾಡುತ್ತಿತ್ತು.

ನಾನು ಟೇಪು ತಂದು ಅವನ ತಲೆ ಅಳೆದೆ. ರುಮಾಲಿನ ಸಮೇತ. ಹೊಲದ ಅಂಚನ್ನು ಬೆರಳಗಲ ತಪ್ಪದಂತೆ ಅಳೆಯುವ ನನಗೂ, ಮನೆಯ ಉಳಿದವರಿಗೂ, ಕಾಕಾನಿಗೂ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕಾಕಾನ ತಲೆ ಎಂದರೆ ನಮಗೆಲ್ಲ ಅದೇ ಆಗಿತ್ತು. ಆ ಅಳತೆಯನ್ನು ತೆಗೆದುಕೊಂಡು ಗೋಕಾಕಕ್ಕೆ ಹೋದೆ.

"ಇದು ಮನಷ್ಯಾನ ತಲಿ ಅಳತಿಯೋ, ನೀರ ತುಂಬೂ ಹರವಿದೋ?" ಎಂದ ಅಂಗಡಿಯವನು.

"ನಮ್ಮ ಕಾಕಾಂದ್ರಿ. ರುಮಾಲ ಕೂಡಿಸಿ."

"ಬಿಚ್ಚಿಸಿ ಅಳೀರಲ್ಲ."

"ಬಿಚ್ಚಂಗಿಲ್ರಿ."

"ರಾತ್ರಿ ಮಕ್ಕೊಳ್ಳುವಾಗ?"

"ನಾ ನೋಡಿಲ್ರಿ."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಹಂಗಾದ್ರ ಮೊದಲ ತಲಿ ಹುಡುಕರಿ. ಆಮ್ಯಾಲೆ ಹೆಲ್ಮೆಟ್ ಹುಡುಕೂಣು."

ಹುಕ್ಕೇರಿಯಲ್ಲಿ ಒಬ್ಬ ಉಪಾಯ ಹೇಳಿದ. ಒಳಗಿನ ಬಿಳಿಯ ಥರ್ಮಾಕೋಲು ಕಿತ್ತು ಹಾಕಿದರೆ ರುಮಾಲಿಗೂ ಜಾಗ ಆಗುತ್ತದಂತೆ. ಹೆಲ್ಮೆಟ್ಟಿನ ಮೇಲಿನ ಚಿಪ್ಪಿನಷ್ಟೇ ಒಳಗಿನ ಆ ಬಿಳಿಯದೂ ಮುಖ್ಯ. ಪೆಟ್ಟನ್ನು ನುಂಗುವುದು ಅದೇ. ಅದನ್ನು ಕಿತ್ತರೆ ಉಳಿಯುವುದು ಬೋಗುಣಿ. ಬೇಡವೆಂದು ಬಂದೆ. ಆದರೆ ಕಾಕಾನಿಗೆ ಆ ಸುದ್ದಿ ಹೇಳಿಬಿಟ್ಟೆ. "ನೋಡು, ಹುಕ್ಕೇರ್ಯಾಂವ ಶ್ಯಾಣ್ಯಾ," ಎಂದು ಅವನು ಮುಂದೆ ಬಹಳ ದಿನ ನನ್ನನ್ನು ಹಂಗಿಸಿದ.

ಕೊನೆಗೆ ಅವನನ್ನೇ ಕರೆದುಕೊಂಡು ಹೋಗುವುದೆಂದು ಆಯಿತು. ಬಸ್ಸಿನಲ್ಲಿ ಮೂವರೂ ಮೂಡಲಗಿಗೆ ಬಂದೆವು. ಹೀಗೆ ನಾನು ಮೊದಲಿಗೆ ಹೇಳಿದ ಜಾಗಕ್ಕೆ ಬಂದು ನಿಂತೆವು.

ಅಂಗಡಿಯವನ ಹೆಸರು ದಸ್ತಗೀರ, ತಲೆಯ ಮೇಲೊಂದು ಬಿಳಿಯ ಟೊಪ್ಪಿಗೆ. "ಬರ್ರಿ ಕಾಕಾ, ಎಂಥಾದ ತೋರಸ್ಲಿ?"

"ಇದರ ಮ್ಯಾಲೆ ಕೂಡೂವಂಥಾದ್ದು," ಎಂದು ಕಾಕಾ ರುಮಾಲು ತೋರಿಸಿದ.

ದಸ್ತಗೀರ ಇದ್ದುದರಲ್ಲಿ ದೊಡ್ಡದನ್ನು ಇಳಿಸಿಕೊಟ್ಟ. ಬಣವೆಯ ಮೇಲೆ ಕಾಗೆ ಕೂತ ಹಾಗೆ ಅದು ರುಮಾಲಿನ ತುದಿಯ ಮೇಲೆ ಕೂತಿತು. ಎದುರಿನ ಚಹದಂಗಡಿಯ ಮಾರುತಿ ಅಲ್ಲಿಂದಲೇ ಕೂಗಿದ: "ಕಾಕಾ, ಹಾರಿ ಹೋಗದಂಗ ಮ್ಯಾಲೊಂದ ಕಲ್ಲ ಇಡ್ರಿ!"

"ನಿನ್ನ ಕಪ್ಪಿನಾಗ ಚಾ ಎಷ್ಟ ಇರತೈತೋ, ಅದಕಿಂತ ಭಾಳ ತಲಿ ಇದು ಮುಚ್ಚೇತಿ ಬಿಡೋ," ಎಂದ ಕಾಕಾ. ಸುತ್ತ ನಿಂತವರು ನಕ್ಕರು. ಅವನೂ ನಕ್ಕ.

ದಸ್ತಗೀರ ಮಾತ್ರ ನಗಲಿಲ್ಲ. "ತಲಿಗೂ ಇದಕ್ಕೂ ನಡುವ ಏನೂ ಇರಬಾರ್ದ್ರಿ ಕಾಕಾ. ರುಮಾಲ ತಗೀಬೇಕ."

"ನಿನ್ನ ಟೊಪಗಿ ನೀ ತಗೀತೀ ಏನು?"

"ಗಾಡಿ ಹತ್ತುವಾಗ ತಗೀತೀನ್ರಿ. ಕಿಸೇದಾಗ ಇಟ್ಕೊಂಡು, ಇಳದ ಮ್ಯಾಲೆ ಹಾಕ್ಕೋತೀನಿ."

ಕಾಕಾ ಹೆಲ್ಮೆಟ್ಟನ್ನು ಹಲಗೆಯ ಮೇಲೆ ಇಟ್ಟ. ದನಿಯಲ್ಲಿ ಈಗ ನಗೆ ಇರಲಿಲ್ಲ. "ಬಯಲಾಗ ತಲಿ ಬರಿದ ಮಾಡೀನಿ, ಅಣ್ಣ ಹ್ವಾದ ದಿನ. ಮತ್ತೊಮ್ಮೆ ಮಾಡಂಗಿಲ್ಲ. ನಡೀರಿ, ಬಸ್ ಬರತೈತಿ." ಅಂಗಡಿಗೆ ಬೆನ್ನು ತಿರುಗಿಸಿದ.

ಎದುರಿಗೆ ಚಿಗವ್ವ ನಿಂತಿದ್ದಳು. ದಾರಿ ಬಿಡಲಿಲ್ಲ.

"ಅವತ್ತ ನೀವೊಬ್ರ ಬರಿದ ಮಾಡಿದ್ರೇನ್ರಿ?" ಅಂದಳು. ಜೋರಾಗಿ ಅಲ್ಲ, ಮನೆಯಲ್ಲಿ ಮಾತಾಡುವ ದನಿಯಲ್ಲೇ. "ಈ ಹುಡುಗ ಇನ್ನಾ ಕೂಸು. ನಾ ಎತ್ತಿಕೊಂಡ ನಿಂತಿದ್ನಿ. ಇವನ ತಲಿ ಮ್ಯಾಲಿನ ಕುಂಚಗಿ ಯಾರ ಬಿಚ್ಚಿದ್ರು? ನೀವ ಬಿಚ್ಚಿದ್ರಿ. ನಿಮ್ಮ ಕೈಯಾಗ ಲಾಡಿ ಬಿಚ್ಚವಲ್ದಾಗಿತ್ತು. ನೆನಪೈತಿಲ್ಲೋ?"

ನಾನು ಇದನ್ನು ಅದೇ ಮೊದಲ ಸಲ ಕೇಳುತ್ತಿದ್ದೆ.

"ನೀವು ರಸ್ತಾದಾಗ ಬಿದ್ರ ಇಂವ ಮತ್ತ ತಲಿ ಬರಿದ ಮಾಡ್ಕೊಂಡ ನಿಂದರಬೇಕ. ಆ ದಿನ ಬರೂದ ಬರತೈತಿ, ನಾ ಬ್ಯಾಡ ಅನ್ನಂಗಿಲ್ಲ. ರಸ್ತಾದಾಗ ಬರೂದ ಬ್ಯಾಡ್ರಿ. ಅದಕಿಂತ ಇವತ್ತ ನೀವ ಬಿಚ್ಚರಿ."

ಕಾಕಾ ನನ್ನ ಕಡೆ ನೋಡಿದ. ಮುಖವನ್ನಲ್ಲ, ನನ್ನ ತಲೆಯನ್ನು. ಆಮೇಲೆ ಕೈ ಎತ್ತಿ, ಎಡಗಿವಿಯ ಹಿಂದೆ ಸಿಕ್ಕಿಸಿದ್ದ ರುಮಾಲಿನ ತುದಿಯನ್ನು ಹುಡುಕಿ ಎಳೆದ.

ಅವನು ಅವಸರ ಮಾಡಲಿಲ್ಲ. ಸುತ್ತು ಬಿಚ್ಚಿದಂತೆ ಸೂಜಿ ಬಂತು, ನನ್ನ ಕೈಯಲ್ಲಿಟ್ಟ. ಕಡ್ಡಿಪೆಟ್ಟಿಗೆ ಬಂತು, ಅದನ್ನೂ ಇಟ್ಟ. ಅರಿವೆ ನೆಲಕ್ಕೆ ತಾಗದಂತೆ ಚಿಗವ್ವ ಎರಡೂ ಕೈಗಳಲ್ಲಿ ಅದನ್ನು ಹಿಡಿದುಕೊಳ್ಳುತ್ತ ಹೋದಳು. ಕೊನೆಯ ಸುತ್ತು ಬಂದಾಗ ನಾನು ಕಣ್ಣು ತಗ್ಗಿಸಬೇಕಿತ್ತು. ತಗ್ಗಿಸಲಿಲ್ಲ.

ಹುಬ್ಬಿನ ಮೇಲೆ ಗಡಿ ಹಾಕಿದ ಹಾಗೆ ಒಂದು ಗೆರೆ. ಅದರ ಕೆಳಗೆ ನನಗೆ ಗೊತ್ತಿದ್ದ ಕಾಕಾ, ಬಿಸಿಲಿಗೆ ಕರಿದಾದವನು. ಮೇಲೆ ಬಿಸಿಲೇ ಕಾಣದ ಬೇರೊಬ್ಬ ಮನುಷ್ಯನ ಹಣೆ, ಬೆಳ್ಳಗೆ, ಮೆತ್ತಗೆ. ಕೂದಲಿತ್ತು. ಆಗ ತಾನೇ ಹುಟ್ಟಿದ ಮರಿಯ ಮೈಮೇಲಿನಂಥ ತೆಳ್ಳನೆಯ ಬಿಳಿ ಕೂದಲು, ಬೆವರಿಗೆ ಅಂಟಿಕೊಂಡಿತ್ತು. ಕಿವಿಯ ಹಿಂದೆ ಹೊಲಿಗೆಯ ಗುರುತು. ಮತ್ತು ತಲೆ ಎಷ್ಟು ಸಣ್ಣದಿತ್ತೆಂದರೆ, ಇಷ್ಟು ಸಣ್ಣ ತಲೆಯ ಮನುಷ್ಯನ ನೆರಳಿನಲ್ಲೇ ನಾವೆಲ್ಲ ಬೆಳೆದೆವೇ ಅನ್ನಿಸಿತು.

ದಸ್ತಗೀರ ಯಾವುದೋ ಹೆಲ್ಮೆಟ್ಟಿನ ಗಾಜನ್ನು ಒರೆಸುತ್ತ ತಲೆ ತಗ್ಗಿಸಿದ್ದ. ಮಾರುತಿ ಹೆಗಲ ಮೇಲಿನ ಟಾವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಯಾರೂ ನಗಲಿಲ್ಲ.

ನನ್ನ ಕೈಯಲ್ಲಿದ್ದ ಕರಿಯ ಹೆಲ್ಮೆಟ್ಟು ನನಗೆಂದು ಆರಿಸಿಟ್ಟುಕೊಂಡದ್ದು. ಅದು ಅವನಿಗೆ ದೊಡ್ಡದಾಯಿತು. ದಸ್ತಗೀರ ಅದರದೇ ಒಂದು ಸಣ್ಣ ಅಳತೆಯದನ್ನು ಕೊಟ್ಟ. ಹೆಚ್ಚು ಬೆಲೆಯದಲ್ಲ, ಚಿತ್ರವಿಲ್ಲ, ಗಾಜಿನ ಸುತ್ತ ಒಳ್ಳೆಯ ರಬ್ಬರು. ಗಲ್ಲಕ್ಕೆ ಒತ್ತಿಕೊಂಡು ಸರಿಯಾಗಿ ಕೂತಿತು. ಗದ್ದದ ಕೆಳಗೆ ಪಟ್ಟಿ ಹಾಕಲು ಕಾಕಾನಿಗೆ ಬರಲಿಲ್ಲ. ನಾನು ಹಾಕಿದೆ. ಗಾಜು ಮುಚ್ಚಿದೆ.

ಆಮೇಲೆ ಒಳಗಿನಿಂದ, ದೂರದಿಂದ ಬಂದ ಹಾಗೆ, ಅವನ ದನಿ:

"ತಮ್ಮಾ, ಪ್ಯಾಟಿ ಎಲ್ಲಿ ಹೋತೋ?"

ಎರಡೂ ಕೈಗಳಿಂದ ಹೆಲ್ಮೆಟ್ಟನ್ನು ಮುಟ್ಟಿ ನೋಡಿಕೊಂಡ.

"ಕೊಪ್ಪಿಯೊಳಗ ಕುಂತಂಗ ಐತಲ್ಲೋ."

ನಾನು ಗೋಕಾಕದ ಅಂಗಡಿಗಳಲ್ಲಿ ಕಣ್ಣು ಮುಚ್ಚಿ ಹುಡುಕಿದ್ದು ಅದನ್ನೇ. ಅದಕ್ಕೊಂದು ಹೆಸರಿತ್ತು, ಮನೆಯಲ್ಲೇ ಇತ್ತು, ನನಗೆ ಮರೆತಿತ್ತು.

ಕಾಕಾನಿಗೆ ಅಷ್ಟರಲ್ಲಿ ಬೇರೆ ಚಿಂತೆ ಶುರುವಾಗಿತ್ತು. "ಕುರಿ ಸಪ್ಪಳ ಕೇಳತೈತಿಲ್ಲೋ ನೋಡಬೇಕ. ನೀ ಆ ಕಡೆ ಹೋಗಿ ಒದರು." ನಾನು ರಸ್ತೆ ದಾಟಿ ಮಾರುತಿಯ ಅಂಗಡಿಯ ಮುಂದೆ ನಿಂತೆ. ಇಲಾಖೆಯ ಗುರುತಿನ ಚೀಟಿ ಎದೆಯ ಮೇಲೆ ತೂಗುತ್ತಿತ್ತು. ನಡುಪೇಟೆಯಲ್ಲಿ, ಹಿಂಡು ತಿರುಗಿಸುವಾಗ ಕೂಗುವಂತೆ, ನಾಲಿಗೆ ಮಡಚಿ "ಹುರ್ರ್‌ಯಾ" ಎಂದು ಕೂಗಿದೆ. ಬಸ್ಸಿಗೆ ನಿಂತವರು ತಿರುಗಿ ನೋಡಿದರು. ರಸ್ತೆಯ ಆ ಬದಿಯಲ್ಲಿ ಹೆಲ್ಮೆಟ್ಟಿನ ಕಾಕಾ ಕೈ ಎತ್ತಿದ. ಕೇಳಿತು ಎಂದು.

ಚಿಗವ್ವನ ಎರಡೂ ಕೈಗಳಲ್ಲಿ ರುಮಾಲಿತ್ತು. ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, "ತಗೋರಿ ಕೀಲಿ," ಅಂದಳು.

ಆಮೇಲೆ ಕಾಕಾ ರುಮಾಲನ್ನು ಮಡಚಿ ಮೊಪೆಡ್ಡಿನ ಮುಂದಿನ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಹಿಂಡು ಇನ್ನೂ ಸ್ವಲ್ಪ ದೂರ ಇರುವಾಗಲೇ ಜಾಲಿಯ ಮರದ ಮರೆಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ರುಮಾಲು ಸುತ್ತಿಕೊಳ್ಳುತ್ತಿದ್ದನಂತೆ. ಒಮ್ಮೆ ಮಾತ್ರ ಹೆಲ್ಮೆಟ್ಟಿನಲ್ಲೇ ನೇರ ಹೋದನಂತೆ. ಅವನೇ ಸಾಕಿದ ನಾಯಿ ಅವನನ್ನು ಹಿಂಡಿನ ಹತ್ತಿರ ಬಿಡಲಿಲ್ಲವೆಂದು ಬೀರಪ್ಪ ಇವತ್ತಿಗೂ ಹೇಳಿ ನಗುತ್ತಾನೆ.

ಚಿಗವ್ವ ಬೇಡವೆನ್ನದಿದ್ದ ಆ ದಿನ ಹೋದ ಮಳೆಗಾಲದಲ್ಲಿ ಬಂತು. ರಸ್ತೆಯಲ್ಲಿ ಅಲ್ಲ. ಪಡಸಾಲೆಯಲ್ಲಿ, ಕಂಬಳಿಯ ಮೇಲೆ ಮಲಗಿದ್ದಾಗ, ವಯಸ್ಸಾಗಿ ಕಾಕಾ ಹೋದ. ನಾನು ಗೋಕಾಕದಿಂದ ಗಾಡಿಯ ಮೇಲೆ ಬಂದು, ಬಾಗಿಲ ಹತ್ತಿರ ಹೆಲ್ಮೆಟ್ಟು ತೆಗೆದೆ. ಆ ದಿನವೆಲ್ಲ ಮಳೆ ಇತ್ತು. ಕೊಡೆ ಹಿಡಿಯಲು ಬಂದವರಿಗೆ ಬೇಡ ಅಂದೆ.

ಕಾಕಾನ ಹೆಲ್ಮೆಟ್ಟು ನನಗೆ ಬಿಗಿ. ಆದ್ದರಿಂದ ದಸ್ತಗೀರನ ಹತ್ತಿರ ಅಂಥದ್ದೇ ಒಂದನ್ನು ನನ್ನ ಅಳತೆಗೆ ತೆಗೆದುಕೊಂಡಿದ್ದೇನೆ. ಹುಕ್ಕೇರಿ ಕಡೆ ಹೋಗುವಾಗ ಗಾಜು ಇಳಿಸಿದರೆ ರಸ್ತೆ ದೂರ ಸರಿಯುತ್ತದೆ, ನನ್ನ ಉಸಿರು ಹತ್ತಿರವಾಗುತ್ತದೆ. ಉಣ್ಣೆಯ ವಾಸನೆ ಮಾತ್ರ ಇಲ್ಲ.

ಅಂದು ಮೂಡಲಗಿಯಲ್ಲಿ ನನ್ನ ಜೊತೆ ಅದನ್ನು ಕಂಡವರು ಇನ್ನೂ ಇದ್ದಾರೆ. ದಸ್ತಗೀರ ಅದೇ ಡಬ್ಬಿ ಅಂಗಡಿಯಲ್ಲಿದ್ದಾನೆ. ಮಾರುತಿ ಚಹದಂಗಡಿಯನ್ನು ಮಗನಿಗೆ ಬಿಟ್ಟು ತುಕ್ಕಾನಟ್ಟಿಯಲ್ಲಿ ಹೊಲ ನೋಡಿಕೊಂಡಿದ್ದಾನೆ. ಮತ್ತು ಚಿಗವ್ವ. ಆದರೆ ಅವಳನ್ನು ಕೇಳಿದರೆ ಒಪ್ಪುವುದಿಲ್ಲ.

"ನಾ ಎಲ್ಲಿ ನೋಡೀನೋ ಯಪ್ಪಾ? ಊರ ಮುಂದ ಅವರ ತಲಿ ನಾ ಯಾಕ ನೋಡ್ಲಿ? ನಾ ಆ ಕಡೆ ಮಾರಿ ಮಾಡಿ ನಿಂತಿದ್ನಿ."

ನಾನು ನಿಂತಿದ್ದ ಜಾಗದಿಂದ ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡೂ ಕೈತುಂಬ ರುಮಾಲು ಹಿಡಿದು ಅವಳು ಅವನನ್ನೇ ನೋಡುತ್ತಿದ್ದಳು.